ಎಂಬತ್ತು ಡಿಗ್ರಿ ಪ್ರಕರಣ

ಸೋಮವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಆಂಬುಲೆನ್ಸ್ ಕರೆ ಕೇಂದ್ರದ ಮ್ಯಾನೇಜರ್ ಏದುಸಿರು ಬಿಡುತ್ತ ಠಾಣೆಗೆ ಬಂದರು. ಹಿಂದಿನ ದಿನ ಅವರ ಸರ್ವರ್ ಕೋಣೆಯ ಎ.ಸಿ. ಕೈಕೊಟ್ಟು, ಯಂತ್ರಗಳು ಬಿಸಿಯೇರಿ ನಿಂತುಹೋಗಿ, ಮಧ್ಯಾಹ್ನ ಮೂರೂವರೆಯಿಂದ ನಲವತ್ತು ನಿಮಿಷ ಕೇಂದ್ರಕ್ಕೆ ಒಂದು ಕರೆಯೂ ಬಂದಿರಲಿಲ್ಲ. ಗರ್ಭಿಣಿಯೊಬ್ಬಳು ಸಾಮಾನು ಸಾಗಿಸುವ ವ್ಯಾನಿನಲ್ಲಿ ಎರಡು ಫ್ರಿಜ್‌ಗಳ ನಡುವೆ ಹೆತ್ತಿದ್ದಳು. ತಾಯಿ, ಮಗು ಕ್ಷೇಮ. ವ್ಯಾನಿನ ಡ್ರೈವರ್ ಮಾತ್ರ ಇನ್ನೂ ಸುಧಾರಿಸಿಕೊಂಡಿರಲಿಲ್ಲ.

“ಮೂವತ್ತು ಡಿಗ್ರಿ ದಾಟಿದ್ರೆ ಸೆನ್ಸರ್‌ನಿಂದ ಆಪರೇಟರ್ ಮೊಬೈಲ್‌ಗೆ ಅಲರ್ಟ್ ಹೋಗುತ್ತೆ ಸಾರ್. ಅವನು ಬೇಕಂತಲೇ ಸುಮ್ನಿದ್ದಾನೆ. ಸಸ್ಪೆಂಡ್ ಮಾಡಿದ್ದೀನಿ, ನೀವು ಅರೆಸ್ಟ್ ಮಾಡಿ.”

ಹನ್ನೊಂದಕ್ಕೆ ಎಫ್‌ಐಆರ್ ದಾಖಲಾಯಿತು, ಹನ್ನೆರಡಕ್ಕೆ ಸ್ಥಳ ಪಂಚನಾಮೆ. ಇನ್‌ಸ್ಪೆಕ್ಟರಿಗೆ ಕಂಪ್ಯೂಟರ್ ಎಂದರೆ ಅಷ್ಟಕ್ಕಷ್ಟೆ, ಆದರೆ ಕಣ್ಣು ಚುರುಕು. ಸೆನ್ಸರನ್ನು ಯಂತ್ರ ಬಿಸಿಗಾಳಿ ಉಗುಳುವ ಕಿಂಡಿಯ ಎದುರಿಗೇ ಅಂಟಿಸಿದ್ದರು. ಹೆಡ್ ಕಾನ್‌ಸ್ಟೆಬಲ್ ಅಲ್ಲಿ ಕೈಯಿಟ್ಟು, “ಇಲ್ಲಿ ಶರ್ಟ್ ಒಣಗಿಸಬಹುದು ಸಾರ್” ಎಂದ. ಅದನ್ನೂ ಪಂಚನಾಮೆಯಲ್ಲಿ ಬರೆದುಕೊಂಡಿದ್ದ, ಇನ್‌ಸ್ಪೆಕ್ಟರ್ ಹೊಡೆದುಹಾಕಿದರು.

ಆಪರೇಟರನ್ನು ಅಲ್ಲಿಗೇ ಕರೆಸಿದರು. ಅಂಗಿಯೊಳಗೆ ಇನ್ನೊಬ್ಬ ಹಿಡಿಸುವಷ್ಟು ಸಣಕಲ.

“ಅಲರ್ಟ್ ಬಂತಾ?”

“ಬರಲೇ ಇಲ್ಲ ಸಾರ್.”

“ಮೊದಲು?”

“ದಿನಕ್ಕೆ ಏಳೆಂಟು ಬರ್ತಿತ್ತು. ಕೋಣೆ ತಣ್ಣಗೇ ಇರುತ್ತೆ, ಸೆನ್ಸರ್‌ಗೆ ಮಾತ್ರ ಬಿಸಿಗಾಳಿ ಹೊಡೆಯುತ್ತೆ. ಆದ್ರೂ ಪ್ರತಿ ಸಲ ಎದ್ದು ನೋಡ್ಲೇಬೇಕಲ್ಲ? ಅದರ ಜಾಗ ಬದಲಾಯಿಸಿ ಅಂತ ಏಳು ಪತ್ರ ಕೊಟ್ಟಿದ್ದೀನಿ.”

ಮ್ಯಾನೇಜರಿಗೆ ಇದ್ದಕ್ಕಿದ್ದಂತೆ ಛಾವಣಿಯ ಮೇಲೆ ಆಸಕ್ತಿ ಹುಟ್ಟಿತು.

ಕಂಪ್ಯೂಟರಿನ ದಾಖಲೆ ತೆಗೆಸಿದರು. ಭಾನುವಾರ ಮಧ್ಯಾಹ್ನ ಒಂದು ಗಂಟೆ ಹನ್ನೆರಡು ನಿಮಿಷಕ್ಕೆ ಅಲರ್ಟಿನ ಮಿತಿ ಮೂವತ್ತರಿಂದ ಎಂಬತ್ತಕ್ಕೆ ಏರಿತ್ತು. ಪಾಸ್‌ವರ್ಡ್ ಆಪರೇಟರನದು, ಬದಲಾಯಿಸಿದ್ದು ಅವನ ಮನೆಯ ಕಂಪ್ಯೂಟರಿನಿಂದ. ಆಪರೇಟರನ ಮುಖ ಬಿಳಿಚಿಕೊಂಡಿತು.

“ಆಗ ಎಲ್ಲಿದ್ದೆ?”

“ಕಟಿಂಗ್ ಶಾಪಲ್ಲಿ ಸಾರ್.”

ಕ್ಷೌರಿಕ ಹೌದೆಂದ. “ಒಂದರಿಂದ ಒಂದೂ ಮುಕ್ಕಾಲರವರೆಗೆ ಇದೇ ಕುರ್ಚೀಲಿ. ಫೋನ್ ಬಡ್ಕೊಳ್ಳದೆ ಇದ್ದಿದ್ದು ಅವತ್ತೇ ಮೊದಲು. ಗಾಢ ನಿದ್ದೆ! ಕತ್ತು ಎತ್ತಿ ಹಿಡ್ಕೊಂಡೇ ಕಟಿಂಗ್ ಮುಗಿಸ್ದೆ.”

ಮಂಗಳವಾರ ಮಧ್ಯಾಹ್ನ ಒಂದಕ್ಕೆ ಇನ್‌ಸ್ಪೆಕ್ಟರ್ ಮಹಿಳಾ ಕಾನ್‌ಸ್ಟೆಬಲ್ ಜೊತೆ ಆಪರೇಟರನ ಮನೆಗೆ ಹೋದರು. ಮನೆಯಲ್ಲಿ ಅವನಲ್ಲದೆ ಇರುವವರು ಒಬ್ಬರೇ: ತಾಯಿ, ನಿವೃತ್ತ ಟೈಪಿಸ್ಟ್.

“ಮಗನ ಪಾಸ್‌ವರ್ಡ್ ನಿಮಗೆ ಗೊತ್ತಾ ಅಮ್ಮ?”

“ನನ್ನ ಹೆಸರೇ ಇಟ್ಟಿದ್ದಾನೆ. ಅದರಲ್ಲೂ ಒಂದಕ್ಷರ ತಪ್ಪು.”

“ಮಿತಿ ಬದಲಾಯಿಸಿದ್ದು?”

“ನಾನೇ.”

“ಅಮ್ಮಾ!” ಎಂದ ಆಪರೇಟರ್.

“ಸುಮ್ನಿರೋ. ಹನ್ನೊಂದು ತಿಂಗಳಿಂದ ನೋಡ್ತಿದ್ದೀನಿ ಸಾರ್, ತುತ್ತು ಬಾಯಿಗಿಡೋ ಹೊತ್ತಿಗೆ ಅದು ಟಣ್ ಅನ್ನುತ್ತೆ, ಇವನು ಎಂಜಲು ಕೈಯಲ್ಲೇ ಎದ್ದು ಕಂಪ್ಯೂಟರ್ ಹತ್ರ ಓಡ್ತಾನೆ. ನೂರು ಹಾಕಿದ್ರೆ ಅತಿಯಾಯ್ತು ಅಂತ ಎಂಬತ್ತು ಹಾಕ್ದೆ. ನಾನೇನು ಬೇಜವಾಬ್ದಾರಿ ಹೆಂಗಸಾ?”

ಇನ್‌ಸ್ಪೆಕ್ಟರ್ ವ್ಯಾನಿನಲ್ಲಿ ಹುಟ್ಟಿದ ಮಗುವಿನ ವಿಷಯ ಹೇಳಿದರು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಆಮೇಲೆ ಸೆರಗು ಸರಿಮಾಡಿಕೊಂಡು, “ಎಲ್ಲಿ ಸಹಿ ಹಾಕ್ಲಿ?” ಎಂದರು.

ಒಂದು ನಲವತ್ತಕ್ಕೆ ದಸ್ತಗಿರಿ ಆಯಿತು. ಠಾಣೆಯಲ್ಲೇ ಜಾಮೀನು ಸಿಗುವ ಅಪರಾಧವೆಂದು ಇನ್‌ಸ್ಪೆಕ್ಟರ್ ಎರಡು ಸಲ ಹೇಳಿದರು. ಆಪರೇಟರನ ಏಳು ಪತ್ರಗಳನ್ನೂ ಕಡತಕ್ಕೆ ಸೇರಿಸಿ, ಮ್ಯಾನೇಜರಿಗೆ ನೋಟಿಸ್ ಕೊಡಲು ಹೆಡ್ ಕಾನ್‌ಸ್ಟೆಬಲ್‌ಗೆ ಫೋನಿನಲ್ಲೇ ತಿಳಿಸಿದರು. ಆ ತಿಂಗಳ ಇನ್ನೂರ ಹನ್ನೆರಡು ಅಲರ್ಟ್‌ಗಳಲ್ಲಿ ನಿಜವಾದವು ಮೂರು ಎಂದು ಡೈರಿಯಲ್ಲಿ ಬರೆದುಕೊಂಡರು.

“ಹೊರಡೋಣವಾ ಅಮ್ಮ?”

“ಹತ್ತು ನಿಮಿಷ ಕೊಡಿ ಸಾರ್. ಇವನಿಗೆ ಬಡಿಸಿ ಬರ್ತೀನಿ.”

ಪೊಲೀಸರು ಬಾಗಿಲಲ್ಲಿ ಕಾದರು. ಮಗ ಕಣ್ಣೊರೆಸಿಕೊಳ್ಳುತ್ತಲೇ ಉಂಡ, ಎರಡನೇ ಸಲವೂ ಹಾಕಿಸಿಕೊಂಡ. ಸಸ್ಪೆಂಡ್ ಆದವನಿಗೆ ಅಲರ್ಟ್ ಕಳಿಸುವವರು ಯಾರೂ ಇರಲಿಲ್ಲ. ತಟ್ಟೆ ಖಾಲಿಯಾಗುವವರೆಗೂ ಆಕೆ ಎದುರಿಗೆ ಕೂತು ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು, ಮಹಿಳಾ ಕಾನ್‌ಸ್ಟೆಬಲ್‌ಗಿಂತ ಮೊದಲೇ ಜೀಪು ಹತ್ತಿದರು.