ಮೇಜು ಯಾವ ಊರಿಗೆ?

ಕೊಚ್ಚಿಯ ಎರ್ನಾಕುಲಂ ಸೌತ್‌ನಲ್ಲಿ ರೈಲಿನಿಂದ ಇಳಿದ ಪ್ರತೀಕ್ಷಾ ಮೊದಲು ಸೊಂಟದ ಮೇಲೆ ಕೈಯಿಟ್ಟು ನೆಟ್ಟಗೆ ನಿಂತಳು, ಆಮೇಲೆ ಗಂಡನನ್ನು ಹುಡುಕಿದಳು. ಬೆಳಗಿನ ಜಾವ ತಿರುವನಂತಪುರದ ತಂಪಾನೂರಿನಲ್ಲಿ ಹತ್ತಿ ಇಲ್ಲಿಗೆ ಬರುವಷ್ಟರಲ್ಲಿ ಬೆನ್ನು ಹಲಗೆಯಾಗಿತ್ತು. ಗುರುಕಿರಣ್ ಯಾವಾಗಲೂ ನಿಲ್ಲುತ್ತಿದ್ದ ಟೀ ಸ್ಟಾಲಿನ ಪಕ್ಕ ಅವನಿರಲಿಲ್ಲ. ಫೋನ್ ರಿಂಗಾಗುತ್ತಿತ್ತು, ಎತ್ತುತ್ತಿರಲಿಲ್ಲ.

ಎರಡನೇ ಶನಿವಾರ, ಅವನ ಬ್ಯಾಂಕಿಗೆ ರಜೆ. ಹದಿನೈದು ದಿನಕ್ಕೊಮ್ಮೆ ಸಿಗುವ ಗಂಡ ಅದನ್ನೂ ಮರೆತನೇ ಎಂದು ಅವಳಿಗೆ ಸಿಟ್ಟು ಬರುವುದಕ್ಕೂ, ಪ್ಲಾಟ್‌ಫಾರ್ಮಿನ ಕೊನೆಯ ಬೆಂಚಿನಲ್ಲಿ ಅವನು ಕಾಣುವುದಕ್ಕೂ ಸರಿಹೋಯಿತು. ಕೂತಲ್ಲೇ ನಿದ್ದೆ. ಬಾಯಿ ಅರ್ಧ ತೆರೆದಿತ್ತು. ಶರ್ಟಿನ ಜೇಬಿನಲ್ಲಿ ಫೋನು ಸದ್ದಿಲ್ಲದೆ ಮಿಣುಕುತ್ತಿತ್ತು.

ಅವಳು ಎಬ್ಬಿಸಲಿಲ್ಲ. ಪಕ್ಕದಲ್ಲಿ ಕೂತು ನೋಡಿದಳು. ಕಿವಿಯ ಹತ್ತಿರದ ಬಿಳಿ ಕೂದಲು ಹೋದ ಸಲಕ್ಕಿಂತ ಜಾಸ್ತಿಯಾಗಿತ್ತು. ಕೆನ್ನೆಯಲ್ಲಿ ಶೇವ್ ಮಾಡುವಾಗ ಬಿಟ್ಟುಹೋದ ಒಂದು ಸಣ್ಣ ಪಟ್ಟಿ. ಮುಟ್ಟಬೇಕೆನಿಸಿತು. ಮುಟ್ಟಿದಳು.

ಅವನು ಬೆಚ್ಚಿ ಕಣ್ಣುಬಿಟ್ಟ. "ಟ್ರೈನ್ ಬಂತಾ?"

"ಬಂದು, ಹೊರಟೂ ಹೋಯ್ತು. ನಾನೊಬ್ಬಳು ಉಳಿದುಕೊಂಡಿದ್ದೀನಿ."

"ಎಬ್ಬಿಸ್ಬೇಕಲ್ವಾ ಮಾರಾಯ್ತಿ! ನಿನ್ನೆ ಆಡಿಟ್‌ನವರು ಬಿಡ್ಲೇ ಇಲ್ಲ."

"ನೀವು ಇಷ್ಟು ಚೆಂದ ಸುಮ್ಮನಿರೋದು ಅಪರೂಪ ಅಲ್ವೇನ್ರೀ? ನೋಡ್ತಾ ಕೂತಿದ್ದೆ."

ಕುಂದಾಪುರದ ಆ ಮನುಷ್ಯ ಮದುವೆಯಾಗಿ ಎಂಟು ವರ್ಷವಾದರೂ ಹೆಂಡತಿ ನೆಟ್ಟ ಕಣ್ಣಿನಿಂದ ನೋಡಿದರೆ ಬೇರೆ ಕಡೆ ತಿರುಗಿ ನಗುತ್ತಿದ್ದ. ಈಗಲೂ ತಿರುಗಿದ. ಆದರೆ ಆ ನಗು ಮುಗಿಯುವ ಮೊದಲೇ ಒಂದು ಆಕಳಿಕೆ ಬಂತು.

ಎಂಟು ವರ್ಷದಲ್ಲಿ ಅವರು ಒಂದೇ ಸೂರಿನ ಕೆಳಗಿದ್ದದ್ದು ನಾಲ್ಕೂವರೆ ವರ್ಷ. ಮೈಸೂರಿನಲ್ಲಿ ಸಂಸಾರ ಶುರುವಾಯಿತು. ಅವನನ್ನು ನಾಗಪುರಕ್ಕೆ ಹಾಕಿದಾಗ ಅವಳು ಕೆಲಸ ಬಿಟ್ಟು ಜೊತೆಗೆ ಹೋದಳು. ಅಲ್ಲಿಂದ ತಿರುವನಂತಪುರಕ್ಕೆ ಹಾಕಿದಾಗಲೂ ಹೋದಳು. ಅಲ್ಲಿ ಉಪಗ್ರಹದ ಚಿತ್ರ ನೋಡಿ ನಕ್ಷೆ ಬಿಡಿಸುವ ಕಂಪನಿಯೊಂದರಲ್ಲಿ ಅವಳಿಗೆ ಮನಸ್ಸಿಗೆ ಒಪ್ಪುವ ಕೆಲಸ ಸಿಕ್ಕಿತು. ಒಂದು ವರ್ಷಕ್ಕೆ ಅವನಿಗೆ ಕೊಚ್ಚಿಗೆ ವರ್ಗವಾಯಿತು. ಈ ಸಲ "ನೀನು ಇಲ್ಲೇ ಇರು" ಎಂದವನು ಅವನೇ. ಅವಳು "ಸರಿ" ಎಂದಳು. ಆ ಎರಡು ಮಾತಿನ ಮೇಲೆ ಮೂರೂವರೆ ವರ್ಷ ರೈಲು ಓಡಿತ್ತು.

ಏಪ್ರಿಲ್‌ನಲ್ಲಿ ಅವಳ ಬೆನ್ನಿನ ಡಿಸ್ಕ್ ಜಾರಿತು. ಅರ್ಧ ಗಂಟೆಗಿಂತ ಹೆಚ್ಚು ಒಂದೇ ಸಮ ಕೂರಬಾರದು, ಇಡೀ ದಿನ ನಿಲ್ಲಲೂ ಬಾರದು, ಬದಲಾಯಿಸುತ್ತಿರಬೇಕು ಎಂದರು ಡಾಕ್ಟರು. ಇನ್ನು ಮುಂದೆ ಮನೆಯಿಂದಲೇ ಕೆಲಸ ಮಾಡಬಹುದು ಎಂದಿತು ಕಂಪನಿ. ಬೇಕಾದದ್ದು ಗುಂಡಿ ಒತ್ತಿದರೆ ಏರಿ ಇಳಿಯುವ ಒಂದು ಗಟ್ಟಿ ಮೇಜು.

ಮನೆಯಿಂದಲೇ ಎಂದಾಗ ಅವಳ ಮನಸ್ಸಿಗೆ ಮೊದಲು ಬಂದದ್ದು ಕೊಚ್ಚಿಯ ಮನೆ. ಅದನ್ನು ಅವಳು ಹೇಳಲಿಲ್ಲ. ಅವನು ಕರೆಯಲಿ ಎಂದು ಕಾದಳು. ಎರಡು ತಿಂಗಳಾಯಿತು, ಅವನು ಕರೆದಿರಲಿಲ್ಲ. "ಕೊಚ್ಚಿಯಲ್ಲಿ ಒಳ್ಳೆ ಶೋರೂಮ್ ಉಂಟು, ಬಾ, ನೋಡುವ" ಎಂದಷ್ಟೇ ಫೋನಿನಲ್ಲಿ ಹೇಳಿದ್ದ.

ಮೆಟ್ರೋ ಹಿಡಿದು ಪಾಲಾರಿವಟ್ಟಂನಲ್ಲಿ ಇಳಿದರು. ಶೋರೂಮಿನಲ್ಲಿ ನಿಶಾ ಎಂಬ ಚುರುಕು ಹುಡುಗಿ ಅವರನ್ನು ಎದುರುಗೊಂಡಳು. ಮೊದಲ ಮೇಜು ನೋಡಲು ಸೊಗಸಾಗಿತ್ತು, ಕಾಲು ತೆಳ್ಳಗೆ. ಪ್ರತೀಕ್ಷಾ ಅದನ್ನು ಪೂರ್ತಿ ಮೇಲಕ್ಕೇರಿಸಿ ಅಂಚನ್ನು ಹಿಡಿದು ಅಲುಗಾಡಿಸಿದಳು. ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಹೂದಾನಿ ಕುಣಿಯಿತು.

"ಚೇಚಿ, ಮೆಲ್ಲೆ!" ಅಕ್ಕಾ ಮೆಲ್ಲಗೆ ಎಂದು ನಿಶಾ ಗಾಬರಿಯಾದಳು.

"ಎರಡು ದೊಡ್ಡ ಮಾನಿಟರ್ ಇಡಬೇಕು ಕಣಮ್ಮಾ," ಎಂದು ಪ್ರತೀಕ್ಷಾ ಮಲಯಾಳವನ್ನೂ ಕನ್ನಡವನ್ನೂ ಕಲಸಿ ವಿವರಿಸಿದಳು. "ವಿಳಿಂಜಂ ಬಂದರಿನ ಗೋಡೆಯ ಮೇಲೆ ನಾನು ಗೆರೆ ಎಳೀತಿರ್ತೀನಿ. ಟೇಬಲ್ ನಡುಗಿದರೆ ಗೆರೆ ಸಮುದ್ರಕ್ಕೆ ಬೀಳತ್ತೆ."

"ಟೆಸ್ಟಿಂಗ್ ಹೀಗೆಯಾ?" ಗುರುಕಿರಣ್ ಪಿಸುಗುಟ್ಟಿದ. "ನಾನು ಹೆಣ್ಣು ನೋಡ್ಲಿಕ್ಕೆ ಬಂದ ದಿನ ನನ್ನನ್ನು ಹೀಗೆ ಅಲ್ಲಾಡಿಸಿ ನೋಡ್ಲಿಲ್ಲ, ಪುಣ್ಯ."

"ನೋಡಬೇಕಿತ್ತು," ಎಂದಳು. ಹೇಳಿ ಅವನ ಕಡೆ ಓರೆಗಣ್ಣಿನಲ್ಲಿ ನೋಡಿದಳು. ಅವನು ಸಿಕ್ಕಿಬಿದ್ದವನಂತೆ ಹೂದಾನಿಯನ್ನು ಸರಿಮಾಡತೊಡಗಿದ.

ಎರಡನೆಯದು ಒಂದೇ ಮೋಟಾರಿನದು, ಏರುವಾಗ ನರಳುತ್ತಿತ್ತು. ಮೂರನೆಯದರ ಕಾಲು ದಪ್ಪ ಉಕ್ಕಿನದು, ಎರಡೂ ಬದಿಗೆ ಮೋಟಾರು, ಹಲಗೆಯ ಅಡಿಯಲ್ಲಿ ಅಡ್ಡಪಟ್ಟಿ. ಪೂರ್ತಿ ಎತ್ತರದಲ್ಲಿ ಪ್ರತೀಕ್ಷಾ ಎರಡೂ ಅಂಗೈ ಊರಿ ಮೈಭಾರ ಬಿಟ್ಟಳು. ಕದಲಲಿಲ್ಲ. ಮೊಣಕೈ ಸರಿಯಾಗಿ ಮಡಚುವ ಎತ್ತರಕ್ಕೆ ಇಳಿಸಿ ಅಲ್ಲೇ ನಿಂತುಬಿಟ್ಟಳು. ಎಷ್ಟೋ ದಿನದ ಮೇಲೆ ಅವಳ ಬೆನ್ನು ತನ್ನ ಪಾಡಿಗೆ ತಾನಿತ್ತು. ಕಣ್ಣು ಮುಚ್ಚಿಕೊಂಡಳು.

ತೆರೆದಾಗ ಗುರುಕಿರಣ್ ಅವಳನ್ನೇ ನೋಡುತ್ತಿದ್ದ. ಈ ಸಲ ಮುಖ ತಿರುಗಿಸಲಿಲ್ಲ.

"ಇದೇ," ಎಂದ.

"ಚೇಟ್ಟನೂ ನಿಂತು ನೋಡಿ," ಎಂದಳು ನಿಶಾ, ಗುರುಕಿರಣ್ ಕಡೆ ತಿರುಗಿ. "ಇಬ್ಬರ ಎತ್ತರವನ್ನೂ ಸೇವ್ ಮಾಡಬಹುದು."

"ನಂಗೆ ಬೇಡ. ಇದು ಅವಳೊಬ್ಬಳಿಗೆ."

ಡೆಲಿವರಿ ಫಾರಂ ಬಂದಾಗ ಅವನು ಪೆನ್ನು ತೆಗೆದು ಅವಳನ್ನು ಕೇಳದೆಯೇ ವಿಳಾಸ ಬರೆದ. ಪಟ್ಟಂ, ತಿರುವನಂತಪುರ. ಅವನ ಅಕ್ಷರ ಮುದ್ದಾಗಿತ್ತು, ಎಲ್ಲೂ ತಡವರಿಸಿರಲಿಲ್ಲ.

ಊಟಕ್ಕೆ ಕೂತಾಗ ಅವಳು ಅನ್ನದ ಮೇಲೆ ಮಜ್ಜಿಗೆ ಹಾಕಿಸಿಕೊಂಡು ಕಲಸುತ್ತಲೇ ಇದ್ದಳು.

"ಎಂತ ಆಯ್ತು? ಬೆನ್ನು ನೋವಾ?"

"ಹೂಂ."

ನೋವಿದ್ದದ್ದು ನಿಜವೇ. ಆದರೆ ಅದಕ್ಕಿಂತ ದೊಡ್ಡ ಆಯಾಸವೊಂದು ಅವಳ ಮೈಮೇಲೆ ಕೂತಿತ್ತು. ಜಗಳವಾಡಲೂ ಒಂದಿಷ್ಟು ಶಕ್ತಿ ಬೇಕು. ಸಂಜೆಯ ರೈಲಿಗೆ ಹೋಗಿಬಿಡೋಣ, ಮುಂದಿನ ಸಲ ಬರದಿದ್ದರೂ ಆದೀತು ಎಂದು ಮೊದಲ ಬಾರಿಗೆ ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಹೆದರಿಕೆಯಾಯಿತು.

ಕಲೂರಿನ ಅವನ ಬಾಡಿಗೆ ಮನೆ ಮೂರನೇ ಮಹಡಿಯಲ್ಲಿತ್ತು. ಒಂದು ರೂಮು, ಒಂದು ಅಡುಗೆಮನೆ. ಒಳಗೆ ಬಂದವಳೇ ಚಾಪೆ ಬಿಡಿಸಿ ನೆಲದ ಮೇಲೆ ಅಂಗಾತ ಮಲಗಿದಳು. ಅವನು ಬಿಸಿನೀರಿನ ಚೀಲ ತುಂಬಲು ಒಳಗೆ ಹೋದ.

ನೆಲದಿಂದ ನೋಡಿದಾಗ ಏನೋ ಬೇರೆಯಾಗಿತ್ತು. ಕಿಟಕಿಯ ಕೆಳಗಿರುತ್ತಿದ್ದ ಮಂಚ ಬಾಗಿಲ ಪಕ್ಕದ ಮೂಲೆಗೆ ಹೋಗಿತ್ತು, ಬಾಗಿಲು ಪೂರ್ತಿ ತೆರೆಯಲಾರದಷ್ಟು. ಕಿಟಕಿಯ ಕೆಳಗೆ ಏನೂ ಇರಲಿಲ್ಲ, ಗುಡಿಸಿ ಒರೆಸಿದ ಖಾಲಿ ಜಾಗ. ಗೋಡೆಗೆ ಹೊಸದಾಗಿ ಕೂರಿಸಿದ ಪ್ಲಗ್ ಪಾಯಿಂಟ್. ಅದರ ಮೇಲೆ ಪೆನ್ಸಿಲಿನಲ್ಲಿ ಎರಡು ಅಡ್ಡಗೆರೆ, ಒಂದು ಕೆಳಗೆ, ಒಂದು ಮೇಲೆ.

ಅವಳು ನಿಧಾನ ಎದ್ದು ಹೋಗಿ ಮೇಲಿನ ಗೆರೆಯ ಪಕ್ಕ ನಿಂತಳು. ಅದು ಸರಿಯಾಗಿ ಅವಳ ಮೊಣಕೈಗೆ ಬರುತ್ತಿತ್ತು, ಕೆಳಗಿನದು ಕೂತಾಗಿನ ಎತ್ತರ.

"ಇದೇನ್ರೀ?"

ಚೀಲ ಹಿಡಿದು ಬಂದ ಗುರುಕಿರಣ್ ಬಾಗಿಲಲ್ಲೇ ನಿಂತ. "ಅದು... ಎಂತ ಇಲ್ಲ. ಎಲೆಕ್ಟ್ರಿಷಿಯನ್ ಬಂದಿದ್ದ."

"ಎಲೆಕ್ಟ್ರಿಷಿಯನ್‌ಗೆ ನನ್ನ ಮೊಣಕೈ ಎತ್ತರ ಹೇಗೆ ಗೊತ್ತು?"

ಅವನು ಮಂಚದ ಅಂಚಿನಲ್ಲಿ ಕೂತ. ತುಂಬಾ ಹೊತ್ತು ಚೀಲದ ಮುಚ್ಚಳವನ್ನೇ ತಿರುಗಿಸಿದ.

"ಹೋದ ವಾರ ಮಾಡ್ಸಿದ್ದು. ನಿನ್ನನ್ನು ಕರೀಬೇಕು ಅಂತಲೇ ಇತ್ತು. ಮತ್ತೆ ಆ ಭಾನುವಾರ ನೀನು ಫೋನ್ ಮಾಡಿದ್ಯಲ್ಲ, ಪಕ್ಕದ್ಮನೆ ನಿರ್ಮಲ ಅವರ ಜೊತೆ ಶಂಖುಮುಖಂ ಬೀಚಿಗೆ ಹೋಗಿದ್ದೆ ಅಂತ. ಎಷ್ಟು ನಗ್ತಾ ಇದ್ದೆ. ಆ ಊರಲ್ಲಿ ನಿಂಗೆ ಒಂದು ಬದುಕು ಆಗಿದೆ. ಅದನ್ನು ನಾನು ಪುನಃ ಕೀಳುವುದಾ ಅಂತ ಅನ್ನಿಸ್ತು."

"ಬೀಚಿಗೆ ಹೋದರೆ ಬದುಕು ಆಗಿಬಿಡತ್ತಾ?"

"ನಾಗಪುರದಲ್ಲಿ," ಎಂದ ಅವನು, ಅವಳ ಮುಖ ನೋಡದೆ, "ಮೂರನೇ ವಾರ ಇರ್ಬೇಕು. ನೀನು ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅಳ್ತಾ ಇದ್ದೆ. ನಾನು ಹೊರಗೆ ನಿಂತಿದ್ದೆ. ಬಾಗಿಲು ತಟ್ಲಿಕ್ಕೂ ಧೈರ್ಯ ಆಗ್ಲಿಲ್ಲ. ಆವತ್ತೇ ಅಂದ್ಕೊಂಡೆ, ಇನ್ನು ಮೇಲೆ ನನ್ನ ಹಿಂದೆ ಬಾ ಅಂತ ಇವಳನ್ನು ಕರೀಬಾರ್ದು ಅಂತ."

ಪ್ರತೀಕ್ಷಾಳಿಗೆ ಆ ನಲ್ಲಿಯ ಸದ್ದು ನೆನಪಾಯಿತು. ಅವನಿಗೆ ಕೇಳಿಸಿರಲಿಲ್ಲ ಎಂದೇ ಅವಳು ಇಷ್ಟು ವರ್ಷ ತಿಳಿದಿದ್ದಳು.

"ಅಲ್ಲಿ ಅತ್ತಿದ್ದು ಕೆಲಸ ಹೋಯ್ತು ಅಂತ," ಎಂದಳು. "ಪಟ್ಟಂ ಮನೆಯಲ್ಲಿ ಅಳೋದು ನೀವು ಕರೀಲಿಲ್ಲ ಅಂತ. ಅಲ್ಲಿ ನಲ್ಲಿ ಬಿಡೋ ಅವಶ್ಯಕತೆನೂ ಇಲ್ಲ. ಕೇಳಿಸಿಕೊಳ್ಳೋರು ಯಾರಿದ್ದಾರೆ?"

ಅವನು ತಲೆಯೆತ್ತಿದ. ನಿದ್ದೆಗೆಟ್ಟ ಕೆಂಪು ಕಣ್ಣಿನಲ್ಲಿ ನೀರು ನಿಂತಿತ್ತು. ಅದನ್ನು ಒರೆಸಿಕೊಳ್ಳಬೇಕೆಂಬುದೂ ಅವನಿಗೆ ಹೊಳೆಯಲಿಲ್ಲ.

"ನೀನಾದ್ರೂ ಬರ್ತೇನೆ ಅನ್ನಬಹುದಿತ್ತಲ್ವಾ?"

"ಎರಡು ಸಲ ಕರೆಯದೇ ಬಂದಿದ್ದೀನಿ. ಗಂಡನ ಟ್ರಾನ್ಸ್‌ಫರ್ ಆರ್ಡರ್ ಬಂದರೆ ಹೆಂಡತಿಗೂ ಬಂದ ಹಾಗೆ ಅಂತ ಎಲ್ಲರೂ ತಿಳ್ಕೊಂಡಿದ್ರು, ನಾನೂ. ಈ ಸಲ ನನ್ನನ್ನೇ, ನನ್ನ ಹೆಸರು ಹಿಡಿದು ಯಾರಾದರೂ ಕರೀಲಿ ಅಂತ ಆಸೆ ಇತ್ತು. ತಪ್ಪಾ?"

ಗುರುಕಿರಣ್ ಎದ್ದು ಬಂದು ಅವಳೆದುರು ನಿಂತ. ಅವಳ ಎರಡೂ ಕೈ ಹಿಡಿದುಕೊಂಡ. ಬಿಸಿನೀರಿನ ಚೀಲ ಹಿಡಿದಿದ್ದ ಅಂಗೈ ಕಾದಿತ್ತು.

"ಪ್ರತೀಕ್ಷಾ," ಎಂದ, ಸ್ಕೂಲಿನಲ್ಲಿ ಹಾಜರಿ ಕೂಗುವವರ ಹಾಗೆ, ಪೂರ್ತಿ ಹೆಸರು. "ಇಲ್ಲಿಗೆ ಬಾ. ನನ್ನ ಜೊತೆ ಇರು. ನಂಗೆ ಒಬ್ಬನೇ ಇದ್ದು ಸಾಕಾಗಿದೆ ಮಾರಾಯ್ತಿ."

ಅವಳು ಮೂಗೊರೆಸಿಕೊಂಡು, ಶೋರೂಮಿನಲ್ಲಿ ಮೇಜನ್ನು ನೋಡಿದ ಹಾಗೆಯೇ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಯೋಚನೆ ಮಾಡ್ತೀನಿ."

"ಎಷ್ಟು ದಿನ?"

"ಮುಂದಿನ ಟ್ರಾನ್ಸ್‌ಫರ್ ಬಂದರೆ, ನೀವೊಬ್ಬರೇ ತೀರ್ಮಾನ ಮಾಡ್ಕೊಂಡು ದೊಡ್ಡ ಮನುಷ್ಯರ ಹಾಗೆ ಸುಮ್ಮನಾಗಬಾರದು. ಇಬ್ಬರೂ ಕೂತು ಮಾತಾಡಬೇಕು."

"ಆಯ್ತು."

"ಅಳೋದು ಕೇಳಿಸಿದರೆ ಬಾಗಿಲು ತಟ್ಟಬೇಕು."

"ತಟ್ತೇನೆ."

"ಹಾಗಾದರೆ ಆ ಹುಡುಗಿಗೆ ಫೋನ್ ಮಾಡಿ. ಲಾರಿ ಹೊರಡೋಕೆ ಮುಂಚೆ."

ಅವನು ತನ್ನ ಮುರುಕು ಮಲಯಾಳದಲ್ಲಿ ನಿಶಾಳಿಗೆ ವಿಳಾಸ ಬದಲಿಸಲು ಹೇಳುತ್ತಿದ್ದ. ಅವಸರದಲ್ಲಿ ಅವನ ನಾಲಿಗೆ ಮನೆ ನಂಬರಿನ ಮೇಲೇ ಎಡವಿತು. ಅವಳು ಅವನ ತೋಳಿಗೆ ಹಣೆಯೊತ್ತಿ ನಿಂತಿದ್ದಳು. ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ಸರಿಯಾಗಿ ತಿಳಿಯಲಿಲ್ಲ. ಸುಸ್ತಂತೂ ಹಾಗೇ ಇತ್ತು. ಆದರೆ ಅದನ್ನು ಇಳಿಸಿಡಲು ಒಂದು ಜಾಗ ಸಿಕ್ಕಿತ್ತು.

ಪಟ್ಟಂ ಮನೆ ಖಾಲಿ ಮಾಡಲು ಮೂರು ವಾರ ಹಿಡಿಯಿತು. ನಿರ್ಮಲ ಬಂದು ಪಾತ್ರೆ ಕಟ್ಟಿಕೊಟ್ಟು, ಅತ್ತು, ಬೈದು ಕಳಿಸಿದರು.

ಕಲೂರಿನಲ್ಲಿ ಕೆಲಸಕ್ಕೆ ನಿಂತ ಮೊದಲ ಸೋಮವಾರ. ಸಂಜೆ ಏಳಾಗುತ್ತಿತ್ತು. ಪ್ರತೀಕ್ಷಾ ಕಿಟಕಿಯ ಕೆಳಗೆ ಮೇಜಿನ ಮುಂದೆ ನಿಂತು ತೀರದ ಗೆರೆ ಎಳೆಯುತ್ತಿದ್ದಳು. ಬಾಗಿಲ ಸದ್ದಾಯಿತು.

"ಒಂದು ನಿಮಿಷ ರೀ," ಎಂದಳು, ತಿರುಗದೆ.

ಒಂದು ನಿಮಿಷ ನಾಲ್ಕಾಯಿತು. ತಿರುಗಿದಾಗ ಗುರುಕಿರಣ್ ಶೂ ಕೂಡ ಬಿಚ್ಚದೆ ಹೊಸಿಲಲ್ಲೇ ನಿಂತಿದ್ದ.

"ಯಾಕೆ ಅಲ್ಲೇ ನಿಂತ್ರಿ? ಲೇಟಾಯ್ತಾ ಇವತ್ತು?"

"ಇಲ್ಲ. ಬಂದು ತುಂಬಾ ಹೊತ್ತಾಯ್ತು. ಕೆಳಗೆ ರಸ್ತೆಯಲ್ಲಿ ನಿಂತಿದ್ದೆ."

"ಏನು ಮಾಡ್ತಾ?"

ಅವನು ಬ್ಯಾಗನ್ನು ಈ ಕೈಯಿಂದ ಆ ಕೈಗೆ ಬದಲಿಸಿದ.

"ಎಂತ ಇಲ್ಲ. ನಮ್ಮ ಕಿಟಕಿಯಲ್ಲಿ ಲೈಟ್ ಇತ್ತು," ಎಂದ. "ಸ್ವಲ್ಪ ನೋಡುವ ಅಂತ."