ಮುಟ್ಟದ ಉಪ್ಪಿಟ್ಟು

ಸದಾಶಿವ ಪೇಠದ ಆ ಪುಟ್ಟ ಫ್ಲ್ಯಾಟಿನಲ್ಲಿ ಧನುಶ್ರೀ ಉಪ್ಪಿಟ್ಟಿನ ತಟ್ಟೆ ಚಾಚಿದಾಗ, ಅವಳನ್ನು ನೋಡಲು ಬಂದಿದ್ದ ಮಿಥುನ ತಲೆ ಎತ್ತಿದ. ಕಣ್ಣಿಗೆ ಕಣ್ಣು ಸಿಕ್ಕಿತು. ಅಷ್ಟೇ... ಅವಳ ಎದೆ ಡವಡವ!

ಆದರೆ ಅವನು ತಟ್ಟೆ ಮುಟ್ಟಲೇ ಇಲ್ಲ.

ಧಾರವಾಡ ಕಡೆಯಿಂದ ಈ ಮರಾಠಿ ಊರಿಗೆ ಬಂದು ನೆಲೆಸಿದ ಅವಳ ಮನೆಯಲ್ಲಿ ಇದಕ್ಕೆ ಒಂದೇ ಅರ್ಥ. ಹುಡುಗ ತಿಂದರೆ ಒಪ್ಪಿಗೆ, ಬಿಟ್ಟರೆ ಇಲ್ಲ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಯಾರೂ ಕೇಳುವುದೂ ಇಲ್ಲ. ಗಂಡಿನವರು ಬೇಡ ಅನ್ನುವ ಮೊದಲು ತಾವೇ ಅಂದರೆ ಮಾನ ಉಳಿಯುತ್ತದೆ ಎಂದುಕೊಂಡು ಅವಳ ಅಪ್ಪ ಹೊಳಬಸಪ್ಪ ಆ ಸಂಜೆಯೇ 'ಜಾತಕ ಕೂಡಲಿಲ್ಲ' ಎಂದು ಫೋನ್ ಮಾಡಿಬಿಟ್ಟರು. ಜಾತಕ ಬಿಚ್ಚಿದವರು ಯಾರು? ಯಾರೂ ಇಲ್ಲ!

ಮೂರು ದಿನ ಧನುಶ್ರೀಗೆ ಊಟ ಸೇರಲಿಲ್ಲ.

'ತಟ್ಟಿ ಬ್ಯಾಡ ಅಂತು, ಸರಿ. ಮತ್ತ ಮೆಟ್ಲ ಇಳಿಯೂಮುಂದ ಅಂವಾ ಎರಡು ಸಲ ತಿರುಗಿ ನೋಡಿದ್ದು ಯಾಕ...?'

ನಾಲ್ಕನೆಯ ದಿನ ಅವ್ವ ಸುದ್ದಿ ತಂದಳು. "ಆ ಹುಡುಗ ಇವತ್ತ ಸಂಜಿಗೆ ಬ್ಯಾರೆ ಕನ್ಯಾ ನೋಡಾಕ ಹೊಂಟಾನಂತ."

ಇನ್ನು ಕೂತರೆ ಕೆಟ್ಟೆ ಎಂದುಕೊಂಡು ಧನುಶ್ರೀ ಸ್ಕೂಟಿ ಹತ್ತಿದಳು. ಊರಿನ ಇನ್ನೊಂದು ತುದಿಯ ಕೊಂಢವಾದಲ್ಲಿದ್ದ ಅವನ ಟೈಲ್ಸ್ ಅಂಗಡಿ ಮುಟ್ಟುವವರೆಗೆ ಸಿಗ್ನಲ್ಲಿಗೊಂದು ಸಲ ವಾಪಸ್ ಹೋಗೋಣ ಅನ್ನಿಸಿತು. ಹೋಗಲಿಲ್ಲ, ಗಟ್ಟಿಗಿತ್ತಿ!

ಗಿರಾಕಿಯೊಂದಿಗೆ ಮರಾಠಿಯಲ್ಲಿ ಮಾತಾಡುತ್ತಿದ್ದ ಮಿಥುನ, ಅವಳನ್ನು ಕಂಡು ಅರ್ಧಕ್ಕೇ ನಿಲ್ಲಿಸಿದ.

"ಒಂದು ಮಾತು ಕೇಳಿ ಹೋಗ್ತೀನ್ರಿ. ಉಪ್ಪಿಟ್ಟು ಯಾಕ ಬಿಟ್ರಿ? ನಾ ಒಪ್ಪಿಗಿ ಆಗ್ಲಿಲ್ಲೇನು?"

"ಅಯ್ಯ, ಹಂಗಲ್ರಿ..." ಅವನ ಮುಖ ಕೆಂಪಾಯಿತು. "ನಮ್ಮ ಅಜ್ಜಿ ಕಲಿಸಿದ್ದು ಅದು. ಹುಡುಗಿ ಹೂಂ ಅನ್ನೋತನಕ ಅವರ ಮನ್ಯಾಗ ಏನೂ ತಿನ್ನಬಾರದಂತ. ತಿಂದ್ರ ಆಕಿ ಮ್ಯಾಲ ಒತ್ತಾಯ ಮಾಡಿದಂಗ. ನೀವು ಏನಂತೀರಿ ಅಂತ ಕಾಯಾಕ್ಹತ್ತಿದ್ದೆ... ಜಾತಕದ ಫೋನ್ ಬಂತು. ನಿಮಗ ನಾ ಬ್ಯಾಡಾದೆ ಅಂತ ತಿಳ್ಕೊಂಡೆ."

ಧನುಶ್ರೀಗೆ ನಗು, ಅಳು ಒಟ್ಟಿಗೇ ಬಂದವು. ತನಗೆ ಮರ್ಯಾದೆ ಕೊಡಲು ಹಸಿದು ಕೂತವನನ್ನು ಮನೆಯವರೆಲ್ಲ ಸೊಕ್ಕಿನವನು ಅಂದುಕೊಂಡಿದ್ದರಲ್ಲ!

"ಮತ್ತ ಇವತ್ತ ಸಂಜಿಗೆ?"

"ನೀವು ಬ್ಯಾಡ ಅಂದ್ರ ಹೋಗೂದಿಲ್ರಿ."

ಧನುಶ್ರೀ ಮೊಬೈಲ್ ತೆಗೆದು, ಸ್ಪೀಕರ್ ಹಾಕಿ, ಅಪ್ಪನಿಗೆ ಫೋನ್ ಮಾಡಿದಳು.

"ಅಪ್ಪಾ, ಮಿಥುನ ಅವರು ನನ್ನ ಮನಸಿಗೆ ಬಂದಾರ. ಜಾತಕ ಗೀತಕ ಏನೂ ಬ್ಯಾಡ."

ಆ ಕಡೆಯಿಂದ ಹೊಳಬಸಪ್ಪನವರ ದನಿ ಬಂತು.

"ನಿನ್ನ ಮನಸಿಗೆ ಬಂದ್ರ ಆತೇನವ್ವಾ? ಹುಡುಗನ ಮನಸಿನ್ಯಾಗ ಏನದ ಅಂತ ಯಾರು ಕೇಳಬೇಕು?"

ಮಿಥುನ ಫೋನಿನತ್ತ ಬಾಗಿ ಗಂಟಲು ಸರಿಮಾಡಿಕೊಂಡ.

"ನಮಸ್ಕಾರ್ರಿ, ಮಾವಾರ."

ಧನುಶ್ರೀ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು.

"ಅಪ್ಪ ಇನ್ನೂ ಹೂಂ ಅಂದಿಲ್ರಿ..." ಎಂದು ಪಿಸುಗುಟ್ಟಿದಳು.

"ನೀವು ಅಂದ್ರಲ್ಲ," ಎಂದ ಅವನು. "ನನಗ ಕೇಳಬೇಕಾಗಿದ್ದು ಅಷ್ಟ."