ಟಾರ್ಚಿನ ಬೆಳಕಿನಲ್ಲಿ ಒಂದು ಉತ್ತರ

"ಡಾಕ್ಟ್ರೇ, ಬದುಕುತ್ತಾ?"

ನಿಮಿಯಾ ಲ್ಯಾಪ್‌ಟಾಪನ್ನು ನನ್ನ ಮೇಜಿನ ಮೇಲಿಟ್ಟಳು. ಎದುರಿನ ಔಷಧಿ ಅಂಗಡಿಯವಳು. ನಾಲ್ಕು ವರ್ಷದಿಂದ ದಿನಾ ನನ್ನ ರಿಪೇರಿ ಅಂಗಡಿಗೆ ಬಂದು ತೆರೆರೆ ಕುಡಿದು ಹೋಗುವವಳು. ಒಂದೇ ಕೊಂಬಿನ ಲೋಟ, ಒಂದೇ ಕೊಳವೆ, ಸೊಪ್ಪಿನ ಪುಡಿಯ ಮೇಲೆ ಐಸ್ ನೀರು. ನಾನು ಹೊಯ್ಯುತ್ತೇನೆ, ಅವಳು ಹೀರುತ್ತಾಳೆ.

"ಏನು ಚೆಲ್ಲಿದೆ?"

"ತೆರೆರೆ."

"ನನ್ನ ಬಿಟ್ಟು ಒಬ್ಬಳೇ ಕುಡಿದ್ರೆ ಹಿಂಗೇ ಆಗೋದು."

ಅವಳ ತುಟಿಯ ಒಂದು ಮೂಲೆ ಮಾತ್ರ ನಕ್ಕಿತು.

ಆನ್ ಮಾಡಿದೆ. ಫ್ಯಾನ್ ತಿರುಗಿತು, ಶುರುವಿನ ರಾಗ ಕೇಳಿತು. ಪರದೆ ಮಾತ್ರ ಕಪ್ಪು. ಹೊರಗೆ ಅಸುನ್ಸಿಯೋನ್ ನಗರದ ಮಧ್ಯಾಹ್ನ, ಬೀದಿಯೆಲ್ಲ ಮಲಗಿತ್ತು. ಶಟರನ್ನು ಅರ್ಧ ಎಳೆದು, ಪರದೆಗೆ ಓರೆಯಾಗಿ ಟಾರ್ಚ್ ಹಿಡಿದೆ. ಕಪ್ಪಿನ ಆಳದಲ್ಲಿ, ಕೆರೆಯ ತಳದ ಕಲ್ಲುಗಳ ಹಾಗೆ, ಮಸುಕಾಗಿ ಚಿತ್ರಗಳು ಕಂಡವು.

"ಸತ್ತಿಲ್ಲ. ಎಲ್ಲಾ ಒಳಗೇ ಇದೆ. ಹಿಂದಿನಿಂದ ಬೆಳಗೋ ಬೆಳಕು ಹೋಗಿದೆ, ಅಷ್ಟೆ."

"ಎಲ್ಲಾ ಇದ್ದೂ ಹೊರಗೆ ಕಾಣದೇ ಇರೋದು. ನಿನ್ನ ಥರ."

ನಾನು ಸ್ಕ್ರೂಗಳ ಮೇಲೆ ಬಗ್ಗಿದೆ.

ಬೋರ್ಡಿನ ಮೇಲೆ ಹಸಿರು ಕಲೆ ಒಣಗಿತ್ತು. ಪರದೆಯ ತಂತಿ ಸೇರುವಲ್ಲಿ, ಸಾಸಿವೆಯಷ್ಟೇ ದೊಡ್ಡ ಫ್ಯೂಸ್ ಸುಟ್ಟಿತ್ತು. ಬ್ರಷ್ಷಿನಿಂದ ತಿಕ್ಕಿ, ಒಣಗಿಸಿ, ಬೇರೆ ಫ್ಯೂಸ್ ಬೆಸೆದೆ. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಹಾಗೆ ನೋಡಿದಾಗ ತಲೆ ಎತ್ತದೆ ಕೆಲಸ ಮಾಡುವುದನ್ನು ನಾಲ್ಕು ವರ್ಷದಲ್ಲಿ ಕಲಿತಿದ್ದೆ.

"ನೆನಪಿದ್ಯಾ," ಅಂದಳು, "ಆ ಜರ್ಮನಿಯ ಎಂಜಿನಿಯರು? ಮೊದಲನೇ ಲೋಟಕ್ಕೇ ಥ್ಯಾಂಕ್ಸ್ ಅಂದ್ಬಿಟ್ಟ."

"ಸಾಕಾಯ್ತೇನೋ ಅಂತ ನಾನು ಮತ್ತೆ ಹೊಯ್ಯಲೇ ಇಲ್ಲ."

"ಪಾಪ, ಒಂದು ಗಂಟೆ ಲೋಟ ನೋಡ್ತಾ ಕೂತಿದ್ದ."

ತೆರೆರೆ ಕುಡಿಯುವಾಗ ಥ್ಯಾಂಕ್ಸ್ ಅಂದರೆ ಇನ್ನು ಬೇಡ ಎಂದರ್ಥ; ಅವನಿಗೆ ಅದು ಗೊತ್ತಿರಲಿಲ್ಲ. ಅಂದು ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ನನ್ನ ಕಥೆ ಶುರುವಾದದ್ದು ಆ ನಗುವಿನಿಂದ.

ಬಟನ್ ಒತ್ತಿದೆ. ಪರದೆ ಬೆಳಗಿತು. ಅವಳ ಮುಖವೂ ಬೆಳಗಿತು. ಒಂದೇ ಕ್ಷಣ. ಮತ್ತೆ ಕತ್ತಲು.

"ಹೊಸ ಫ್ಯೂಸೂ ಹೋಯ್ತು. ನೀರು ಪರದೆ ಒಳಗಿನ ದೀಪದ ಪಟ್ಟಿಗೂ ಇಳಿದಿದೆ. ಪರದೇನೇ ಬದಲಾಯಿಸ್ಬೇಕು. ಬರೋಕೆ ಹತ್ತು ದಿನ."

"ಹತ್ತು ದಿನ ಆಗಲ್ಲ, ಡೆರ್ಲಿಸ್. ಇದ್ರಲ್ಲಿ ಒಂದು ಪತ್ರ ಇದೆ. ಇವತ್ತೇ ಹೋಗ್ಬೇಕು."

"ಫೋನಲ್ಲಿ ಬರಿ."

"ಮೂರು ದಿನ ಕೂತು ಬರೆದದ್ದು. ಇನ್ನೊಂದ್ಸಲ ಬರೆಯೋ ಧೈರ್ಯ ಇಲ್ಲ."

ಬೇರೆ ಮಾನಿಟರಿಗೆ ಜೋಡಿಸುವ ಕಿಂಡಿ ಹೋದ ವರ್ಷ ಬಿದ್ದಾಗಲೇ ಮುರಿದಿತ್ತು. ಉಳಿದದ್ದು ಟಾರ್ಚ್. ಅವಳು ಕೂತಳು. ನಾನು ಹೆಗಲ ಹಿಂದೆ ನಿಂತು ಬೆಳಕು ಹಿಡಿದೆ. ಬೆಳಕಿನ ವೃತ್ತದೊಳಗೆ ಒಂದು ಸಲಕ್ಕೆ ಒಂದೇ ಸಾಲು ಕಾಣುತ್ತಿತ್ತು.

*ಪ್ರೀತಿಯ ಕ್ರಿಸ್ಪಿನ್.*

ಎನ್ಕಾರ್ನಾಸಿಯೋನ್ ಊರಿನ ಮೇಷ್ಟ್ರು. ಎರಡು ಸಲ ಬಂದು ಅವಳನ್ನು ಮದುವೆಗೆ ಕೇಳಿ ಹೋಗಿದ್ದ. ನಾನು ಓದಬಾರದಿತ್ತು. ಆದರೆ ಕಣ್ಣು ಮುಚ್ಚಿದರೆ ಟಾರ್ಚ್ ಅಲುಗುತ್ತಿತ್ತು.

*ತುಂಬ ದಿನ ಕಾಯಿಸಿದೆ. ಇನ್ನೊಂದು ಕಡೆಯಿಂದ ಮಾತು ಬರಬಹುದೆಂದು ನಾನೂ ಕಾಯುತ್ತಿದ್ದೆ. ಬರಲಿಲ್ಲ. ನನ್ನ ಉತ್ತರ*

ಬೆಳಕನ್ನು ಕೆಳಗಿಳಿಸಲು ನನಗೆ ಎಷ್ಟು ಹೊತ್ತು ಹಿಡಿಯಿತೋ. ಅವಳು ಅವಸರ ಮಾಡಲಿಲ್ಲ.

*ಹೌದು.*

"ಏನಾದ್ರೂ ತಪ್ಪಿದ್ರೆ ಹೇಳು," ಅಂದಳು, ತಿರುಗದೆಯೇ. "ಕಳ್ಸೋ ಮುಂಚೆ."

ಫ್ಯಾನಿನ ಸದ್ದು ಕೇಳುತ್ತಿತ್ತು. ಅವಳ ಕುತ್ತಿಗೆಯ ಮೇಲೆ ಬೆವರಿನ ಒಂದು ಹನಿ ಇಳಿಯಲೋ ಬೇಡವೋ ಎಂಬಂತೆ ನಿಂತಿತ್ತು. ನಾಲ್ಕು ವರ್ಷ ಒಳಗಿಟ್ಟ ಮಾತಿಗೆ ಇದೇ ಕೊನೆಯ ಹೊತ್ತು.

"ತಪ್ಪೇನಿಲ್ಲ," ಅಂದೆ. "ಚೆನ್ನಾಗಿ ಬರೆದಿದ್ದೀಯ."

"ಕಳ್ಸೋ ಬಟನ್ ಎಲ್ಲಿದೆ? ಕಾಣ್ತಿಲ್ಲ."

ನಾನೇ ಟಾರ್ಚನ್ನು ಅದರ ಮೇಲೆ ತಂದೆ. ಅವಳು ಒತ್ತಿದಳು.

ಏನು ಮಾಡುವುದೆಂದು ತೋಚದೆ ಲೋಟಕ್ಕೆ ನೀರು ಹೊಯ್ದು ಕೊಟ್ಟೆ. ಅವಳು ನಿಧಾನವಾಗಿ, ತಳದ ಸದ್ದು ಬರುವ ತನಕ ಹೀರಿದಳು. ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕೈಗಿಟ್ಟಳು. ನಾಲ್ಕು ವರ್ಷದಲ್ಲಿ ಒಮ್ಮೆಯೂ ನನಗೆ ಹೇಳದಿದ್ದ ಮಾತನ್ನು ಹೇಳಿದಳು.

"ಥ್ಯಾಂಕ್ಸ್, ಡೆರ್ಲಿಸ್."

ಶಟರ್ ಎತ್ತಿ ಬಿಸಿಲಿಗೆ ಇಳಿದು ಹೋದಳು. ಜಗ್ಗಿನಲ್ಲಿ ಐಸ್ ಇನ್ನೂ ಕರಗಿರಲಿಲ್ಲ.